ಕೇರಿಯ ಮಕ್ಕಳ ಕೈಗೆ ಜೇಡಿಮಣ್ಣು ಕೊಟ್ಟ ಶಿಲ್ಪಿ ಅಗಸ್ಟಾ ಸ್ಯಾವೇಜ್

ಶಿಲ್ಪಿ ಅಳಿದರೂ ಶಿಲ್ಪ ಉಳಿಯುತ್ತದೆ ಎಂಬುದು ಲೋಕರೂಢಿಯ ಮಾತು. ಅಮೆರಿಕದ ಶಿಲ್ಪಿ ಅಗಸ್ಟಾ ಸ್ಯಾವೇಜ್ ಅವರ ಬಾಳಿನಲ್ಲಿ ಈ ಮಾತು ತಲೆಕೆಳಗಾಯಿತು. ಅವರ ಕೈಯಿಂದ ಮೂಡಿದ ಅತ್ಯಂತ ದೊಡ್ಡ ಕೃತಿಯನ್ನು ಬುಲ್ಡೋಜರ್ ನೆಲಸಮ ಮಾಡಿತು. ಉಳಿದ ಕೃತಿಗಳಲ್ಲಿ ಬಹುಪಾಲು ಕಂಚಿನ ಎರಕ ಕಾಣದೆ, ಪ್ಲಾಸ್ಟರ್‌ನಲ್ಲಿಯೇ ಉಳಿದು, ಕಾಲಕ್ರಮದಲ್ಲಿ ಕಣ್ಮರೆಯಾದವು. ಆದರೆ ನ್ಯೂಯಾರ್ಕ್ ನಗರದ ಹಾರ್ಲೆಮ್ ಬಡಾವಣೆಯಲ್ಲಿ ಅವರು ಕೈಹಿಡಿದು ನಡೆಸಿದ ಹುಡುಗ ಹುಡುಗಿಯರು ಅಮೆರಿಕದ ಕಲೆಯ ಇತಿಹಾಸದಲ್ಲಿ ಅಳಿಸಲಾಗದ ಹೆಸರುಗಳಾದರು. ಕಲಾವಿದೆಯಾಗಿ ಗಳಿಸಬಹುದಾಗಿದ್ದ ಕೀರ್ತಿಯನ್ನು ಗುರುವಾಗಿ ಕಳೆದುಕೊಂಡ, ಗುರುವಾಗಿಯೇ ಮರಳಿ ಪಡೆದ ಅಪೂರ್ವ ಜೀವನ ಇವರದು.

ಇಟ್ಟಿಗೆಯ ಊರಿನ ಹುಡುಗಿ

ಅಗಸ್ಟಾ ಕ್ರಿಸ್ಟೀನ್ ಫೆಲ್ಸ್ ಹುಟ್ಟಿದ್ದು 1892ರ ಫೆಬ್ರವರಿ 29ರಂದು, ಫ್ಲಾರಿಡಾ ರಾಜ್ಯದ ಗ್ರೀನ್ ಕೋವ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಲ್ಲಿ. ಹದಿನಾಲ್ಕು ಮಕ್ಕಳ ಬಡ ಕುಟುಂಬದಲ್ಲಿ ಆಕೆ ಏಳನೆಯವಳು. ತಂದೆ ಎಡ್ವರ್ಡ್ ಫೆಲ್ಸ್ ಮೆಥಡಿಸ್ಟ್ ಪಂಥದ ಧರ್ಮಬೋಧಕ. ಊರಿನ ಮಣ್ಣು ಇಟ್ಟಿಗೆ ತಯಾರಿಕೆಗೆ ಹೆಸರಾದ ಕೆಂಪು ಜೇಡಿ. ಅದನ್ನು ಅಗೆದು ತಂದು ಬಾತುಕೋಳಿ, ಪ್ರಾಣಿ ಪಕ್ಷಿಗಳನ್ನು ಮಾಡುವುದೇ ಈ ಹುಡುಗಿಯ ಆಟವಾಯಿತು.

ಆಟ ತಂದೆಗೆ ಹಿಡಿಸಲಿಲ್ಲ. ವಿಗ್ರಹಗಳನ್ನು ಮಾಡುವುದು ಬೈಬಲ್ ನಿಷೇಧಿಸಿದ ಪಾಪ ಎಂದು ದೃಢವಾಗಿ ನಂಬಿದ್ದ ಅವರು ಮಗಳನ್ನು ವಾರದಲ್ಲಿ ಹಲವು ಬಾರಿ ಹೊಡೆಯುತ್ತಿದ್ದರು. ತನ್ನೊಳಗಿನ ಕಲೆಯನ್ನೆಲ್ಲ ತಂದೆ ಬಹುಮಟ್ಟಿಗೆ ಹೊಡೆದು ಹೊರಹಾಕಿಬಿಟ್ಟಿದ್ದರು ಎಂದು ಅಗಸ್ಟಾ ಮುಂದೆ ನೆನೆಸಿಕೊಂಡದ್ದುಂಟು. ಹದಿನೈದನೆಯ ವಯಸ್ಸಿಗೆ, 1907ರಲ್ಲಿ, ಜಾನ್ ಮೂರ್ ಎಂಬವರೊಂದಿಗೆ ಮದುವೆಯಾಯಿತು. ಮರುವರ್ಷ ಮಗಳು ಐರೀನ್ ಹುಟ್ಟಿದಳು. ಕೆಲಕಾಲದಲ್ಲೇ ಗಂಡ ತೀರಿಕೊಂಡರು. ಎರಡನೆಯ ಗಂಡ ಜೇಮ್ಸ್ ಸ್ಯಾವೇಜ್ ಅವರಿಂದ ಮುಂದೆ ವಿಚ್ಛೇದನ ಪಡೆದರೂ ಆ ಅಡ್ಡಹೆಸರು ಮಾತ್ರ ಕೊನೆಯವರೆಗೂ ಜೊತೆಗುಳಿಯಿತು.

1915ರಲ್ಲಿ ಕುಟುಂಬ ವೆಸ್ಟ್ ಪಾಮ್ ಬೀಚ್‌ಗೆ ವಲಸೆ ಹೋಯಿತು. ಮರಳಿನ ಆ ಊರಿನಲ್ಲಿ ಜೇಡಿಮಣ್ಣೇ ಇರಲಿಲ್ಲ. ಕೆಲವು ವರ್ಷ ಆಕೆಯ ಕೈಗಳು ಸುಮ್ಮನಿದ್ದವು. ಕೊನೆಗೆ ಊರಿನ ಕುಂಬಾರನೊಬ್ಬನ ಬಳಿ ಬೇಡಿ ಪಡೆದ ಒಂದಿಷ್ಟು ಮಣ್ಣು ಮತ್ತೆ ಕಲೆಯ ದಾರಿ ತೆರೆಯಿತು. ಅದರಿಂದ ಮಾಡಿದ ಮೇರಿ ಮಾತೆಯ ಮೂರ್ತಿಯನ್ನು ಕಂಡ ತಂದೆಯ ಮನಸ್ಸೂ ಕರಗಿತು. ಶಾಲೆಯ ಮುಖ್ಯೋಪಾಧ್ಯಾಯರು ದಿನಕ್ಕೆ ಒಂದು ಡಾಲರ್ ಸಂಬಳದ ಮೇಲೆ ಇತರ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸಲು ಆಕೆಯನ್ನೇ ನೇಮಿಸಿದರು. ಅಗಸ್ಟಾರ ಶಿಕ್ಷಕ ವೃತ್ತಿ ಹೀಗೆ ವಿದ್ಯಾರ್ಥಿದೆಸೆಯಲ್ಲೇ ಆರಂಭವಾಯಿತು.

ಜಾತ್ರೆಯ ಬಹುಮಾನ

1919ರಲ್ಲಿ ಪಾಮ್ ಬೀಚ್ ಕೌಂಟಿಯ ವಾರ್ಷಿಕ ಮೇಳ ನಡೆಯಿತು. ಬೆಳೆ, ದನಕರು, ಮನೆಯಲ್ಲಿ ತಯಾರಿಸಿದ ತಿನಿಸುಗಳಿಗೆ ಬಹುಮಾನ ಕೊಡುವ ಇಂಥ ಸ್ಥಳೀಯ ಮೇಳಗಳು ಅಮೆರಿಕದ ಗ್ರಾಮಾಂತರದಲ್ಲಿ ಸಾಮಾನ್ಯ. ಅಲ್ಲಿ ತನ್ನ ಮಣ್ಣಿನ ಪ್ರಾಣಿಗಳನ್ನಿಡಲು ಅಗಸ್ಟಾರಿಗೆ ಅವಕಾಶ ದೊರೆಯಿತು. ಜನ ಮುತ್ತಿಕೊಂಡು ನೋಡಿದರು. 25 ಡಾಲರ್ ಬಹುಮಾನವೂ ಗೌರವದ ಪಟ್ಟಿಯೂ ಬಂದವು. ಕಲಾಶಾಲೆಯ ಮೆಟ್ಟಿಲು ಹತ್ತದ, ವಸ್ತುಸಂಗ್ರಹಾಲಯವೊಂದನ್ನು ಕಾಣದ ಯುವತಿಯ ಕೆಲಸಕ್ಕೆ ಸಿಕ್ಕ ಮೊದಲ ಸಾರ್ವಜನಿಕ ಮನ್ನಣೆ ಅದು.

ಮೇಳದ ಮೇಲ್ವಿಚಾರಕ ಜಾರ್ಜ್ ಗ್ರಹಾಮ್ ಕರಿ ಬಹುಮಾನಕ್ಕಷ್ಟೇ ನಿಲ್ಲದೆ, ನ್ಯೂಯಾರ್ಕಿಗೆ ಹೋಗಿ ಶಾಸ್ತ್ರೀಯವಾಗಿ ಕಲಿಯುವಂತೆ ಒತ್ತಾಯಿಸಿದರು. ಅಲ್ಲಿನ ಶಿಲ್ಪಿ ಸೊಲೊನ್ ಬೋರ್ಗ್ಲಮ್ ಅವರಿಗೆ ಪರಿಚಯಪತ್ರವನ್ನೂ ಬರೆದುಕೊಟ್ಟರು. ಒಂದು ಚಿಕ್ಕ ಪ್ರದರ್ಶನ, ಒಂದು ಚಿಕ್ಕ ಬಹುಮಾನ, ಒಂದು ಕಾಗದ. ಇವು ಒಬ್ಬ ಅಪರಿಚಿತ ಹುಡುಗಿಯ ಬಾಳನ್ನು ಎಷ್ಟರಮಟ್ಟಿಗೆ ತಿರುಗಿಸಬಲ್ಲವು ಎಂಬುದನ್ನು ಅಗಸ್ಟಾ ಕಣ್ಣಾರೆ ಕಂಡರು. ಮುಂದೆ ಹಾರ್ಲೆಮ್‌ನಲ್ಲಿ ಅವರು ಕಟ್ಟಿದ್ದೆಲ್ಲದರ ಹಿಂದೆ ಈ ಅನುಭವದ ಪಾಠವಿದೆ.

ಆದರೆ ದಾರಿ ಸುಗಮವಾಗಿರಲಿಲ್ಲ. ಮೊದಲು ಜಾಕ್ಸನ್‌ವಿಲ್ ನಗರಕ್ಕೆ ಹೋಗಿ, ಅಲ್ಲಿನ ಸ್ಥಿತಿವಂತ ಕಪ್ಪು ಜನರ ಪುತ್ಥಳಿ ಮಾಡಿ ಹಣ ಕೂಡಿಸುವ ಆಸೆ ಕೈಗೂಡಲಿಲ್ಲ. 1921ರಲ್ಲಿ ನ್ಯೂಯಾರ್ಕ್ ತಲುಪಿದಾಗ ಆಕೆಯ ಕೈಯಲ್ಲಿದ್ದುದು 4 ಡಾಲರ್ 60 ಸೆಂಟ್. ಬೋರ್ಗ್ಲಮ್ ಅವರ ಶುಲ್ಕ ಕೈಗೆಟುಕುವಂತಿರಲಿಲ್ಲ. ಆಗ ಶುಲ್ಕವಿಲ್ಲದೆ ಕಲಿಸುತ್ತಿದ್ದ ಕೂಪರ್ ಯೂನಿಯನ್ ಸಂಸ್ಥೆಗೆ ಅವರು ಅಗಸ್ಟಾರನ್ನು ಕಳುಹಿಸಿದರು. ಕಾಯುವವರ ಪಟ್ಟಿಯಲ್ಲಿದ್ದ 142 ಮಂದಿಯನ್ನು ಹಿಂದಿಕ್ಕಿ ಅಗಸ್ಟಾರಿಗೆ ಪ್ರವೇಶ ದೊರೆಯಿತು. ಹೊಟ್ಟೆಪಾಡಿನ ಕೆಲಸ ಕೈತಪ್ಪಿದಾಗ ಸಂಸ್ಥೆಯ ಆಡಳಿತ ಮಂಡಳಿಯೇ ಜೀವನವೆಚ್ಚಕ್ಕೆ ನೆರವಾಯಿತು. ನಾಲ್ಕು ವರ್ಷದ ವ್ಯಾಸಂಗವನ್ನು ಅವರು ಮೂರೇ ವರ್ಷಗಳಲ್ಲಿ ಮುಗಿಸಿದರು.

ಮುಚ್ಚಿದ ಬಾಗಿಲು

1923ರಲ್ಲಿ ಫ್ರಾನ್ಸ್‌ನ ಫಾಂಟೆನ್‌ಬ್ಲೋ ಅರಮನೆಯಲ್ಲಿ ಅಮೆರಿಕದ ಯುವತಿಯರಿಗಾಗಿ ಬೇಸಿಗೆ ಕಲಾಶಾಲೆಯೊಂದು ನಡೆಯುವುದಿತ್ತು. ಅಗಸ್ಟಾ ಅರ್ಜಿ ಹಾಕಿದರು. ಅಮೆರಿಕದ ಆಯ್ಕೆ ಸಮಿತಿ ಅದನ್ನು ತಿರಸ್ಕರಿಸಿತು. ಪ್ರತಿಭೆಯ ಕೊರತೆ ಅದಕ್ಕೆ ಕಾರಣವಾಗಿರಲಿಲ್ಲ. ದಕ್ಷಿಣದ ರಾಜ್ಯಗಳಿಂದ ಬರುವ ಬಿಳಿಯ ಯುವತಿಯರು ಕಪ್ಪು ಯುವತಿಯೊಬ್ಬಳ ಜೊತೆ ಪ್ರಯಾಣಿಸಲು, ವಾಸಿಸಲು ಮುಜುಗರಪಡುತ್ತಾರೆ ಎಂಬುದೇ ಸಮಿತಿಯ ಆತಂಕವಾಗಿತ್ತು.

ಅಗಸ್ಟಾ ಅವಮಾನವನ್ನು ನುಂಗಿಕೊಂಡು ಕೂರಲಿಲ್ಲ. ವಿಷಯವನ್ನು ಪತ್ರಿಕೆಗಳ ಮುಂದಿಟ್ಟರು. ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್, ಮಾನವಶಾಸ್ತ್ರಜ್ಞ ಫ್ರಾಂಜ್ ಬೋಯಾಸ್ ಅವರಂಥ ಗಣ್ಯರು ಅವರ ಪರ ನಿಂತರು. ಸಮಿತಿ ಮಾತ್ರ ಜಗ್ಗಲಿಲ್ಲ. ಸಮಿತಿಯ ಸದಸ್ಯರಲ್ಲೊಬ್ಬರಾದ ಶಿಲ್ಪಿ ಹರ್ಮನ್ ಮ್ಯಾಕ್‌ನೀಲ್ ತಮ್ಮ ಸ್ಟುಡಿಯೊದಲ್ಲಿ ಕಲಿಯಲು ಅಗಸ್ಟಾರನ್ನು ಆಹ್ವಾನಿಸಿದರು. ಆದರೆ ಅಂದಿನಿಂದ ಗದ್ದಲ ಎಬ್ಬಿಸುವಾಕೆ ಎಂಬ ಹಣೆಪಟ್ಟಿಯೂ ಅಂಟಿಕೊಂಡಿತು. ಹಲವು ಗ್ಯಾಲರಿಗಳ ಬಾಗಿಲು ತೆರೆಯದಿರಲು ಅದೂ ಒಂದು ಕಾರಣ ಎಂದು ಬರೆದವರಿದ್ದಾರೆ.

ಅದೇ ವರ್ಷ ಅವರು ಮಾರ್ಕಸ್ ಗಾರ್ವಿಯವರ ಚಳವಳಿಯಲ್ಲಿದ್ದ ರಾಬರ್ಟ್ ಪೋಸ್ಟನ್ ಅವರನ್ನು ವಿವಾಹವಾದರು. ಮರುವರ್ಷ ಲೈಬೀರಿಯಾದಿಂದ ಮರಳುವ ಹಡಗಿನಲ್ಲಿ ಪೋಸ್ಟನ್ ಕೊನೆಯುಸಿರೆಳೆದರು. 1925ರಲ್ಲಿ ಡುಬಾಯ್ಸ್ ಅವರ ಪ್ರಯತ್ನದಿಂದ ರೋಮ್ ನಗರದಲ್ಲಿ ಕಲಿಯುವ ವಿದ್ಯಾರ್ಥಿವೇತನ ದೊರೆತರೂ ಪ್ರಯಾಣದ ಹಣ ಹೊಂದಲಿಲ್ಲ. ಬಟ್ಟೆ ಒಗೆಯುವ ಲಾಂಡ್ರಿಗಳಲ್ಲಿ ದುಡಿಯುತ್ತಿದ್ದ ಅಗಸ್ಟಾರ ಹೆಗಲ ಮೇಲೆ ಊರಿನ ಸಂಸಾರದ ಭಾರವೂ ಬಿತ್ತು. ತಂದೆಗೆ ಪಾರ್ಶ್ವವಾಯು ಬಡಿಯಿತು. 1928ರ ಭೀಕರ ಚಂಡಮಾರುತ ಫ್ಲಾರಿಡಾದ ಮನೆಯನ್ನು ನಾಶ ಮಾಡಿತು. ಮನೆಮಂದಿಯೆಲ್ಲ ಹಾರ್ಲೆಮ್‌ನ ಪುಟ್ಟ ಬಿಡಾರಕ್ಕೆ ಬಂದು ಸೇರಿದರು.

ಕಪ್ಪು ಜನರೇ ಕೂಡಿಸಿದ ಕಾಣಿಕೆ

ಈ ಇಕ್ಕಟ್ಟಿನ ನಡುವೆಯೇ 1929ರ ಹೊತ್ತಿಗೆ ಅವರ ಅತ್ಯಂತ ಪ್ರಸಿದ್ಧ ಕೃತಿ ರೂಪುಗೊಂಡಿತು. ‘ಗ್ಯಾಮಿನ್’, ಅಂದರೆ ಬೀದಿಯ ಹುಡುಗ. ಓರೆಯಾಗಿ ಇಟ್ಟ ಟೋಪಿ, ಸುಕ್ಕಾದ ಅಂಗಿ, ವಯಸ್ಸಿಗೆ ಮೀರಿದ ಅನುಭವವನ್ನು ಹೊತ್ತ ಕಣ್ಣುಗಳು. ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಅಮೆರಿಕನ್ ಕಲಾ ವಸ್ತುಸಂಗ್ರಹಾಲಯದಲ್ಲಿರುವ ಇದರ ಬಣ್ಣದ ಪ್ಲಾಸ್ಟರ್ ಪ್ರತಿ ಕೇವಲ ಒಂಬತ್ತು ಇಂಚು ಎತ್ತರದ್ದು. ಕಪ್ಪು ಜನರನ್ನು ನಗೆಪಾಟಲಿನ ಗೊಂಬೆಗಳನ್ನಾಗಿ ಚಿತ್ರಿಸುವುದೇ ವಾಡಿಕೆಯಾಗಿದ್ದ ಕಾಲದಲ್ಲಿ, ಹಾರ್ಲೆಮ್‌ನ ಹುಡುಗನೊಬ್ಬನನ್ನು ಘನತೆಯ ವ್ಯಕ್ತಿಯಾಗಿ ನಿಲ್ಲಿಸಿದ್ದು ಈ ಪುತ್ಥಳಿಯ ಹಿರಿಮೆ.

ಇದರ ಬಲದಿಂದ ಜೂಲಿಯಸ್ ರೋಸೆನ್‌ವಾಲ್ಡ್ ನಿಧಿಯ ಫೆಲೋಶಿಪ್ ದೊರೆಯಿತು. ಜೊತೆಗೆ ಹಾರ್ಲೆಮ್‌ನ ನಿವಾಸಿಗಳು, ಮಹಿಳಾ ಸಂಘಗಳು, ಫ್ಲಾರಿಡಾದ ಕಪ್ಪು ಜನರ ಕಾಲೇಜಿನ ಅಧ್ಯಾಪಕರು ತಮ್ಮ ಕೈಲಾದಷ್ಟು ಹಣ ಕೂಡಿಸಿ ಪ್ರಯಾಣಕ್ಕೆ ನೆರವಾದರು. ಹನಿಗೂಡಿದರೆ ಹಳ್ಳ ಎಂಬಂತೆ ಸಣ್ಣ ಸಂಬಳದವರ ಸಣ್ಣ ಕಾಣಿಕೆಗಳು ಸೇರಿ ಅಗಸ್ಟಾರನ್ನು ಪ್ಯಾರಿಸ್ ಮುಟ್ಟಿಸಿದವು. ಆರು ವರ್ಷಗಳ ಹಿಂದೆ ಸಮಿತಿಯೊಂದು ಮುಚ್ಚಿದ ಬಾಗಿಲನ್ನು ಸಮುದಾಯ ತೆರೆಯಿತು. ಅಲ್ಲಿ ಅಕಾಡೆಮಿ ದ ಲಾ ಗ್ರಾಂದ್ ಶೋಮಿಯೇರ್‌ನಲ್ಲಿ ಅವರು ಕಲಿತರು. ಅವರ ಕೃತಿಗಳು ಪ್ಯಾರಿಸ್‌ನ ಪ್ರತಿಷ್ಠಿತ ಪ್ರದರ್ಶನಗಳಲ್ಲಿ ಸ್ಥಾನ ಪಡೆದವು. ಕಾರ್ನೆಗಿ ಪ್ರತಿಷ್ಠಾನದ ನೆರವಿನಿಂದ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳನ್ನೂ ಸುತ್ತಿ ಬಂದರು.

ನೆಲಮಾಳಿಗೆಯ ಪಾಠಶಾಲೆ

ಯುರೋಪಿನಿಂದ ಮರಳಿದಾಗ ಅಮೆರಿಕ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿತ್ತು. ಹಾರ್ಲೆಮ್‌ನಲ್ಲಿ ನಿರುದ್ಯೋಗ ತಾಂಡವವಾಡುತ್ತಿತ್ತು. ಶಿಲ್ಪ ಕೊಳ್ಳುವವರು ಯಾರೂ ಇರಲಿಲ್ಲ. 1932ರಲ್ಲಿ ಅಗಸ್ಟಾ ಪಶ್ಚಿಮ 143ನೇ ಬೀದಿಯ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ‘ಸ್ಯಾವೇಜ್ ಸ್ಟುಡಿಯೊ ಆಫ್ ಆರ್ಟ್ಸ್ ಆ್ಯಂಡ್ ಕ್ರಾಫ್ಟ್ಸ್’ ತೆರೆದರು. ಕಲಿಯಬೇಕೆಂದು ಬಂದ ಯಾರನ್ನೂ ಅಲ್ಲಿಂದ ಹಿಂದಕ್ಕೆ ಕಳುಹಿಸುತ್ತಿರಲಿಲ್ಲ. ಮಕ್ಕಳಿಗೆ ಕಲಿಸಲೆಂದು ಕಾರ್ನೆಗಿ ಪ್ರತಿಷ್ಠಾನ 1,500 ಡಾಲರ್ ನೀಡಿತು.

ಬಂದವರಾದರೂ ಯಾರು? ಬಟ್ಟೆ ಇಸ್ತ್ರಿ ಮಾಡುವ ಕೆಲಸದಲ್ಲಿದ್ದ ನಾರ್ಮನ್ ಲೂಯಿಸ್ ಮುಂದೆ ಅಮೂರ್ತ ಚಿತ್ರಕಲೆಯ ಪ್ರಮುಖರಾದರು. ಬಾರ್ಬಡೋಸ್‌ನಿಂದ ವಲಸೆ ಬಂದಿದ್ದ ಗ್ವೆಂಡೊಲಿನ್ ನೈಟ್, ಕಪ್ಪು ಮಹಿಳೆಯೊಬ್ಬರು ಸ್ವಂತ ಸ್ಟುಡಿಯೊ ನಡೆಸುವುದನ್ನು ಅಲ್ಲಿ ಕಂಡು ತಾವೂ ಕಲಾವಿದೆಯಾಗಬಹುದೆಂಬ ಧೈರ್ಯ ತಂದುಕೊಂಡರು. ವಿಲಿಯಂ ಆರ್ಟಿಸ್, ಅರ್ನೆಸ್ಟ್ ಕ್ರಿಚ್ಲೊ ಅವರೂ ಇದೇ ಗರಡಿಯಲ್ಲಿ ಪಳಗಿದವರು. ಕಲಿತವರೆಲ್ಲ ಕಲಾವಿದರಾಗಲಿಲ್ಲ. ಕೆನೆತ್ ಕ್ಲಾರ್ಕ್ ಮನಃಶಾಸ್ತ್ರಜ್ಞರಾದರು. ಕಪ್ಪು ಮಕ್ಕಳ ಮನಸ್ಸಿನ ಮೇಲೆ ವರ್ಣಭೇದ ಮಾಡುವ ಗಾಯವನ್ನು ಗೊಂಬೆಗಳ ಮೂಲಕ ತೋರಿಸಿಕೊಟ್ಟ ಅವರ ಸಂಶೋಧನೆಯು ಶಾಲೆಗಳಲ್ಲಿನ ಪ್ರತ್ಯೇಕತೆಯನ್ನು ರದ್ದುಗೊಳಿಸಿದ 1954ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಉಲ್ಲೇಖಗೊಂಡಿತು.

ಕಲಿತದ್ದನ್ನು ತೋರಿಸಲು ಜಾಗ ಬೇಕಷ್ಟೆ. ನಗರದ ಗ್ಯಾಲರಿಗಳು ಕಪ್ಪು ಯುವಕರಿಗೆ ದೂರದ ಮಾತು. ಹಾಗಾಗಿ ಕೇರಿಯ ಸಾರ್ವಜನಿಕ ಸ್ಥಳಗಳೇ ಗ್ಯಾಲರಿಗಳಾದವು. 135ನೇ ಬೀದಿಯ ಸಾರ್ವಜನಿಕ ಗ್ರಂಥಾಲಯದಲ್ಲಿ 1921ರಿಂದಲೇ ಕಪ್ಪು ಕಲಾವಿದರ ಪ್ರದರ್ಶನಗಳು ನಡೆಯುತ್ತಿದ್ದವು. ವೈಎಂಸಿಎ ಸಭಾಂಗಣದ ಗೋಡೆಗಳೂ ಚಿತ್ರಗಳಿಗೆ ತೆರೆದುಕೊಂಡವು. ಪುಸ್ತಕ ಪಡೆಯಲು ಬಂದ ಗೃಹಿಣಿ, ಕೆಲಸ ಹುಡುಕುತ್ತಾ ಅಲೆದು ದಣಿದ ಕೂಲಿಯವನು ತಮ್ಮದೇ ಬೀದಿಯ ಹುಡುಗ ಬರೆದ ಚಿತ್ರದ ಮುಂದೆ ಒಂದು ಗಳಿಗೆ ನಿಲ್ಲಬಹುದಾಗಿತ್ತು. ಚಿತ್ರಕಾರನಿಗೆ ಹಣ ಸಿಗದಿರಬಹುದು, ಆದರೆ ತನ್ನವರ ಕಣ್ಣು ಸಿಗುತ್ತಿತ್ತು.

ಜೇಕಬ್ ಲಾರೆನ್ಸ್ ಎಂಬ ಯುವಕನ ಕಥೆ ಇದಕ್ಕೆ ಉತ್ತಮ ನಿದರ್ಶನ. ಬಡ ತಾಯಿಯೊಂದಿಗೆ ಹಾರ್ಲೆಮ್‌ಗೆ ಬಂದ ಈತ ಕೇರಿಯ ಮಕ್ಕಳ ಕೇಂದ್ರದಲ್ಲಿ ಚಾರ್ಲ್ಸ್ ಆಲ್‌ಸ್ಟನ್ ಅವರ ಬಳಿ ಚಿತ್ರ ಕಲಿತು, ನಂತರ ಅಗಸ್ಟಾರ ಕಣ್ಣಿಗೆ ಬಿದ್ದ. ಕಲಾವಿದರಿಗೆ ವೇತನ ಕೊಡುವ ಸರ್ಕಾರಿ ಯೋಜನೆಗೆ ಸೇರಿಸಲು ಅಗಸ್ಟಾ ಆತನನ್ನು ತಾವೇ ಕಚೇರಿಗೆ ಕರೆದೊಯ್ದರು. 21 ವರ್ಷ ತುಂಬಿಲ್ಲವೆಂದು ಅಧಿಕಾರಿಗಳು ಹಿಂದಕ್ಕೆ ಕಳುಹಿಸಿದರು. ಹುಡುಗ ಆ ವಿಷಯ ಮರೆತೇಬಿಟ್ಟ. ಅಗಸ್ಟಾ ಮರೆಯಲಿಲ್ಲ. ವಯಸ್ಸು ತುಂಬಿದೊಡನೆ ಮತ್ತೆ ಹುಡುಕಿ ಕರೆದೊಯ್ದು, 1938ರಲ್ಲಿ ಕೆಲಸ ಕೊಡಿಸಿದರು. ವಾರಕ್ಕೆ ಸುಮಾರು 24 ಡಾಲರ್ ವೇತನ, ಚಿತ್ರ ಬರೆಯುವುದೇ ಕೆಲಸ. ಅದೇ ವರ್ಷ ಹಾರ್ಲೆಮ್ ವೈಎಂಸಿಎಯಲ್ಲಿ ಲಾರೆನ್ಸ್ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಮೂರೇ ವರ್ಷಗಳಲ್ಲಿ ಅವರು ಕಪ್ಪು ಜನರ ಮಹಾವಲಸೆಯನ್ನು ಚಿತ್ರಿಸುವ 60 ಫಲಕಗಳ ಮಾಲಿಕೆಯನ್ನು ಪೂರೈಸಿದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮತ್ತು ವಾಷಿಂಗ್ಟನ್‌ನ ಫಿಲಿಪ್ಸ್ ಸಂಗ್ರಹಾಲಯಗಳು ಅದನ್ನು ಅರ್ಧರ್ಧ ಹಂಚಿಕೊಂಡು ಕೊಂಡವು. ತಾನು ಕಲಾವಿದನಾಗಿ ಉಳಿದದ್ದು ಅಗಸ್ಟಾರ ಆ ಹಟದಿಂದಲೇ ಎಂದು ಲಾರೆನ್ಸ್ ಜೀವನವಿಡೀ ಸ್ಮರಿಸುತ್ತಿದ್ದರು.

ಹಾರ್ಲೆಮ್ ಸಮುದಾಯ ಕಲಾಕೇಂದ್ರ

1934ರಲ್ಲಿ ಮಹಿಳಾ ಚಿತ್ರಕಾರರ ಮತ್ತು ಶಿಲ್ಪಿಗಳ ರಾಷ್ಟ್ರೀಯ ಸಂಘಕ್ಕೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಎಂಬ ಗೌರವ ಅಗಸ್ಟಾರಿಗೆ ಸಂದಿತು. 1935ರಲ್ಲಿ ಸಹ ಕಲಾವಿದರೊಡಗೂಡಿ ಅವರು ಹಾರ್ಲೆಮ್ ಕಲಾವಿದರ ಸಂಘವನ್ನು ಕಟ್ಟಿದರು. ಸರ್ಕಾರಿ ಕಲಾ ಯೋಜನೆಗಳಲ್ಲಿ ಕಪ್ಪು ಕಲಾವಿದರಿಗೆ ನ್ಯಾಯವಾದ ಪಾಲು ಬೇಕು, ಮೇಲ್ವಿಚಾರಕ ಹುದ್ದೆಗಳೂ ಬೇಕು ಎಂಬುದು ಸಂಘದ ಬೇಡಿಕೆಯಾಗಿತ್ತು.

ಈ ಹೋರಾಟದ ಫಲವಾಗಿ 1937ರ ಕೊನೆಯಲ್ಲಿ ಲೆನಾಕ್ಸ್ ಅವೆನ್ಯೂದಲ್ಲಿ ಹಾರ್ಲೆಮ್ ಸಮುದಾಯ ಕಲಾಕೇಂದ್ರ ಆರಂಭವಾಯಿತು. ಅಗಸ್ಟಾ ಅದರ ಮೊದಲ ನಿರ್ದೇಶಕಿ. ಅಧ್ಯಕ್ಷ ರೂಸ್‌ವೆಲ್ಟ್ ಅವರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಉದ್ಘಾಟನೆಗೆ ಬಂದದ್ದು ಕೇಂದ್ರದ ಮಹತ್ವವನ್ನು ಸಾರಿತು. ಚಿತ್ರಕಲೆ, ಶಿಲ್ಪ, ಮುದ್ರಣಕಲೆ, ನೇಯ್ಗೆ, ಛಾಯಾಗ್ರಹಣ ಎಲ್ಲವನ್ನೂ ಅಲ್ಲಿ ಉಚಿತವಾಗಿ ಕಲಿಸಲಾಗುತ್ತಿತ್ತು. ಮಕ್ಕಳಿಗೂ ದೊಡ್ಡವರಿಗೂ, ಯಾವ ಬಣ್ಣದವರಿಗೂ ಪ್ರವೇಶವಿತ್ತು. ಸ್ವಲ್ಪವೇ ಕಾಲದಲ್ಲಿ 1,500ಕ್ಕೂ ಹೆಚ್ಚು ಮಂದಿ ಅದರ ಪ್ರಯೋಜನ ಪಡೆದರು. ದೇಶದ ಇತರೆಡೆಗಳ ಸಮುದಾಯ ಕಲಾಕೇಂದ್ರಗಳಿಗೆ ಅದು ಮಾದರಿಯೆನಿಸಿತು.

ಆದರೆ ಕೇಂದ್ರ ನಿಂತದ್ದು ಸರ್ಕಾರದ ತಾತ್ಕಾಲಿಕ ಉದ್ಯೋಗ ಯೋಜನೆಯ ಹಣದ ಮೇಲೆ. ಎರಡನೆಯ ಮಹಾಯುದ್ಧ ಬಂದು ಆ ಯೋಜನೆಗಳು ಬತ್ತಿದಾಗ, 1942ರಲ್ಲಿ ಕೇಂದ್ರವೂ ಮುಚ್ಚಿತು. ಕೇರಿಯ ಬೆಂಬಲ ಎಷ್ಟೇ ಇದ್ದರೂ, ಕಟ್ಟಡದ ಬಾಡಿಗೆ ಮತ್ತು ಶಿಕ್ಷಕರ ಸಂಬಳದ ಹೊರೆಯನ್ನು ಬಡವರ ಕೇರಿಯೊಂದು ಒಂಟಿಯಾಗಿ ಹೊರಲಾರದು ಎಂಬ ಕಹಿ ಸತ್ಯ ಅದರೊಂದಿಗೆ ಬಯಲಾಯಿತು.

ಉಳಿಯದ ವೀಣೆ

1939ರ ನ್ಯೂಯಾರ್ಕ್ ವಿಶ್ವಮೇಳಕ್ಕಾಗಿ ಶಿಲ್ಪವೊಂದನ್ನು ರಚಿಸುವ ಆಹ್ವಾನ ಅಗಸ್ಟಾರಿಗೆ ಬಂದಿತು. ಕಪ್ಪು ಜನರು ಸಂಗೀತಕ್ಕೆ ನೀಡಿದ ಕೊಡುಗೆ ಅದರ ವಸ್ತು. ಜೇಮ್ಸ್ ವೆಲ್ಡನ್ ಜಾನ್ಸನ್ ಬರೆದ, ಕಪ್ಪು ಜನರ ರಾಷ್ಟ್ರಗೀತೆಯೆಂದೇ ಹೆಸರಾದ ‘ಲಿಫ್ಟ್ ಎವ್ರಿ ವಾಯ್ಸ್ ಆ್ಯಂಡ್ ಸಿಂಗ್’ ಹಾಡನ್ನು ಆಧರಿಸಿ ಅವರು 16 ಅಡಿ ಎತ್ತರದ ಕೃತಿಯನ್ನು ನಿರ್ಮಿಸಿದರು. ಬೃಹತ್ ಹಾರ್ಪ್ ವಾದ್ಯ, ಅದರ ತಂತಿಗಳಾಗಿ ನಿಂತು ಹಾಡುವ ಹನ್ನೆರಡು ಮಂದಿ, ವಾದ್ಯದ ತಳವಾಗಿ ಚಾಚಿದ ದೇವರ ಕೈ, ಮುಂದೆ ಮಂಡಿಯೂರಿ ಕುಳಿತ ಯುವಕ. ಮೇಳದ ಆಡಳಿತ ಅದಕ್ಕೆ ‘ದ ಹಾರ್ಪ್’ ಎಂದು ಹೆಸರಿಟ್ಟಿತು. ಎರಡು ವರ್ಷಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಭೇಟಿಯಿತ್ತ ಆ ಮೇಳದಲ್ಲಿ ಇದರ ಪುಟ್ಟ ಲೋಹದ ಪ್ರತಿಗಳೂ ಅಂಚೆ ಕಾರ್ಡುಗಳೂ ಮಾರಾಟವಾದವು.

ಮೂಲ ಶಿಲ್ಪ ಪ್ಲಾಸ್ಟರ್‌ನದು. ಕಂಚಿನಲ್ಲಿ ಎರಕ ಹೊಯ್ಯಿಸಲು ಹಣವಿರಲಿಲ್ಲ. ಸಾಗಿಸಿ ಇಡಲು ಜಾಗವೂ ಇರಲಿಲ್ಲ. 1940ರಲ್ಲಿ ಮೇಳ ಮುಗಿದಾಗ ಇತರ ತಾತ್ಕಾಲಿಕ ಕಟ್ಟಡಗಳೊಂದಿಗೆ ಅದನ್ನೂ ಕೆಡವಲಾಯಿತು.

ಮೇಳದ ಕೆಲಸಕ್ಕೆಂದು ರಜೆ ಪಡೆದಿದ್ದ ಅಗಸ್ಟಾ ಮರಳುವಷ್ಟರಲ್ಲಿ ಕಲಾಕೇಂದ್ರದ ನಿರ್ದೇಶಕ ಹುದ್ದೆ ಬೇರೆಯವರ ಪಾಲಾಗಿತ್ತು. ಎದೆಗುಂದದೆ 1939ರ ಜೂನ್‌ನಲ್ಲಿ ಹಾರ್ಲೆಮ್‌ನಲ್ಲಿ ಕಪ್ಪು ಕಲಾವಿದರ ಕೃತಿಗಳ ಪ್ರದರ್ಶನ ಮತ್ತು ಮಾರಾಟಕ್ಕೆಂದೇ ಮೀಸಲಾದ ಗ್ಯಾಲರಿಯನ್ನು ತೆರೆದರು. ಉದ್ಘಾಟನೆಗೆ 500ಕ್ಕೂ ಹೆಚ್ಚು ಜನ ಬಂದರು. ನೋಡುವವರಿದ್ದರು, ಕೊಳ್ಳುವವರಿರಲಿಲ್ಲ. ಗ್ಯಾಲರಿ ಬೇಗನೆ ಮುಚ್ಚಿತು.

ಹಳ್ಳಿಯ ಮೌನದಲ್ಲಿ

1940ರ ದಶಕದ ಮಧ್ಯದಲ್ಲಿ ಅಗಸ್ಟಾ ನಗರವನ್ನು ತೊರೆದು ನ್ಯೂಯಾರ್ಕ್ ರಾಜ್ಯದ ಸಾಗರ್ಟೀಸ್ ಎಂಬ ಊರಿನ ತೋಟದ ಮನೆಗೆ ಹೋದರು. ಕೋಳಿ ಸಾಕಿದರು. ಅಣಬೆ ಬೆಳೆಯುವ ಸಂಸ್ಥೆಯೊಂದರ ಪ್ರಯೋಗಾಲಯದಲ್ಲಿ ದುಡಿದರು. ಶಿಲ್ಪರಚನೆ ಬಹುಮಟ್ಟಿಗೆ ನಿಂತುಹೋಯಿತು. ಆದರೆ ಬೇಸಿಗೆ ಶಿಬಿರಗಳ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸುವುದನ್ನು ಮಾತ್ರ ಅವರು ಬಿಡಲಿಲ್ಲ. ಕೊನೆಯ ದಿನಗಳಲ್ಲಿ ಕ್ಯಾನ್ಸರ್ ಪೀಡಿತರಾಗಿ ನ್ಯೂಯಾರ್ಕಿಗೆ ಮಗಳ ಬಳಿ ಬಂದ ಅವರು 1962ರ ಮಾರ್ಚ್ 26ರಂದು ನಿಧನರಾದರು. ಆಗ ಅವರನ್ನು ನೆನೆದವರು ಕೆಲವೇ ಮಂದಿ.

ಮನ್ನಣೆ ಬಹಳ ತಡವಾಗಿ ಬಂತು. 2001ರಲ್ಲಿ ಸಾಗರ್ಟೀಸ್‌ನ ಮನೆ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. 2018ರಲ್ಲಿ ಜಾಕ್ಸನ್‌ವಿಲ್‌ನ ಕಮ್ಮರ್ ವಸ್ತುಸಂಗ್ರಹಾಲಯ ಅವರ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಅವರ ಶಿಲ್ಪಗಳ ಜೊತೆಗೆ ಶಿಷ್ಯರ ಚಿತ್ರಗಳನ್ನೂ ಇಟ್ಟ ಆ ಪ್ರದರ್ಶನ ಮರುವರ್ಷ ನ್ಯೂಯಾರ್ಕಿಗೂ ಸಾಗಿತು. ಹಿಂದೊಮ್ಮೆ ಪುತ್ಥಳಿ ಮಾಡಿಸಿಕೊಳ್ಳುವವರಿಲ್ಲದೆ ಬರಿಗೈಯಲ್ಲಿ ಬಿಟ್ಟುಹೋಗಿದ್ದ ನಗರವೇ ಅವರನ್ನು ಹೀಗೆ ಗೌರವಿಸಿತು.

ತಾನು ನಿಜವಾಗಿ ಸುಂದರವಾದುದನ್ನು ಸೃಷ್ಟಿಸಲಾಗಲಿಲ್ಲ, ಆದರೆ ಮಕ್ಕಳಲ್ಲಿರುವ ಪ್ರತಿಭೆ ಅರಳಲು ಪ್ರೇರಣೆಯಾದರೆ ಅವರ ಕೃತಿಗಳೇ ತನ್ನ ಸ್ಮಾರಕ ಎಂಬುದು ಅಗಸ್ಟಾರ ನಂಬಿಕೆಯಾಗಿತ್ತು. ಮಾತಿನ ಮೊದಲರ್ಧವನ್ನು ‘ಗ್ಯಾಮಿನ್’ ಶಿಲ್ಪವೊಂದೇ ಸುಳ್ಳು ಮಾಡುತ್ತದೆ. ಉಳಿದರ್ಧ ನಿಜವಾಯಿತು. ಪ್ರತಿಭೆ ಎಲ್ಲಿಯೂ ಹುಟ್ಟಬಹುದು. ಅದು ಬಾಳುವುದು ಒಂದಿಷ್ಟು ಮಣ್ಣು, ಒಂದು ಗೋಡೆ, ನಿಂತು ನೋಡುವ ನಾಲ್ಕು ಜನ ಸಿಕ್ಕಾಗ. ಈ ಮೂರನ್ನೂ ಕೇರಿಯ ಮಕ್ಕಳಿಗೆ ಒದಗಿಸಲು ಅಗಸ್ಟಾ ಸ್ಯಾವೇಜ್ ತಮ್ಮ ಕಲೆಯನ್ನೇ ಬೆಲೆಯಾಗಿ ತೆತ್ತರು.